ಹೊಕ್ಕುಳ ಗಡಿ

ಏಪ್ರಿಲ್ ತಿಂಗಳ ಒಣಬಿಸಿಲಲ್ಲಿ, ಮೂಡಿಗೆರೆ ಪೇಟೆಬೀದಿಯ ಮಹಡಿಮನೆಯೊಳಗೆ, ತೋಟದ ಮಣ್ಣು ತುಳಿದು ಎಷ್ಟೋ ಕಾಲವಾಗಿದ್ದ ಹೆಂಗಸಿನ ಹೊಕ್ಕುಳಿಗೆ ಮಳೆಗಾಲದ ಜಿಗಣೆಯಾದ ಇಂಬಳ ಕಚ್ಚಿದೆ ಎಂದು ತೀರ್ಪು ಕೊಡಬೇಕಾದರೆ ಒಂದು ಬಗೆಯ ಎದೆಗಾರಿಕೆ ಬೇಕು. ಹಾಲಮ್ಮನವರಲ್ಲಿ ಅದು ಧಾರಾಳವಾಗಿತ್ತು.

"ಇಂಬಳವೇ ಕಣೆ ಸರೋಜ. ರಕ್ತ ನಿಲ್ತಾ ಇಲ್ಲ ಅಂದ್ರೆ ಇನ್ನೆಂಥದು? ಸುಣ್ಣ ಹಚ್ಚು."

"ಈ ಬಿಸಿಲಲ್ಲಿ ಇಂಬಳ ಎಲ್ಲಿಂದ ಬರುತ್ತೆ ಅತ್ತಿಗೆ? ಕೆಳಗಡೆ ಅಂಗಡಿಯ ಮೊಳೆ ಡಬ್ಬದಿಂದಲಾ?"

"ನಿನ್ನೆ ಕೊತ್ತಂಬರಿ ಸೊಪ್ಪು ತಂದ್ರಲ್ಲ, ಅದರಲ್ಲಿ ಬಂದಿರುತ್ತೆ. ಸೊಪ್ಪು ಕೊಡವದೆ ಒಳಗೆ ತರಬಾರದು ಅಂತ ಎಷ್ಟು ಸಲ ಬಡಕೊಂಡಿದೀನಿ."

ಹಾಲಮ್ಮ ಸರೋಜಮ್ಮನ ಗಂಡ ಲಿಂಗಪ್ಪನವರ ಅಕ್ಕ. ಗಂಡ ತೀರಿಕೊಂಡ ಮೇಲೆ ತರೀಕೆರೆ ಕಡೆಯಿಂದ ಬಂದು ತಮ್ಮನ ಮನೆಯಲ್ಲಿ ನೆಲೆಸಿದವರು. ಕೆಳಗೆ ತಮ್ಮನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ತಂತಿ, ಬೇಲಿಗೂಟದ ಕೊಂಡಿಗಳೆಲ್ಲ ತೂಕದ ಮೇಲೆ ಸಿಗುತ್ತಿದ್ದವು. ಮೇಲೆ ಅಕ್ಕನ ಬಳಿ ಅಭಿಪ್ರಾಯಗಳು ಸಿಗುತ್ತಿದ್ದವು, ತೂಕವಿಲ್ಲದೆ.

ಸರೋಜಮ್ಮ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ನೋಡಿದಳು. ಹೊಕ್ಕುಳ ಸುಳಿಯೊಳಗೆ ಕಪ್ಪು ನೀಲಿ ಬಣ್ಣದ ಗಂಟೊಂದು ಕೂತಿತ್ತು, ಗಿಡದಲ್ಲೇ ಒಣಗಿಹೋದ ಕಾಫಿಹಣ್ಣಿನ ಹಾಗೆ. ಬೆರಳು ತಾಗಿದರೆ ನೋವು ಬೆನ್ನಿನವರೆಗೆ ಎಳೆಯುತ್ತಿತ್ತು. ಅದರ ಅಂಚಿನಿಂದ ಜಿನುಗಿದ ರಕ್ತ ಸೀರೆಗೆ ಹತ್ತಿತ್ತು. ಸೀರೆ ಹಾಳಾಗಲಿ, ಕೊರಳಿಂದ ಇಳಿದ ಶಿವದಾರಕ್ಕೂ ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆಯ ತಳಕ್ಕೂ ಹತ್ತಿತ್ತು. ಅವಳು ಕರಡಿಗೆಯನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ದಾರಕ್ಕೆ ಗಂಟು ಹಾಕಿ ಗಿಡ್ಡ ಮಾಡಿ, ಎದೆಯ ಮೇಲಕ್ಕೆ ಎತ್ತಿಕೊಂಡಳು.

ತೊಟ್ಟಿಲಲ್ಲಿದ್ದಾಗ ತೌರಿನ ಗುರುಗಳು ಕಟ್ಟಿದ ಲಿಂಗ ಅದು. ಹೆರಿಗೆಯಲ್ಲಿ, ಜ್ವರದಲ್ಲಿ, ಸಾವಿನ ಮನೆಯಲ್ಲಿ ಎಲ್ಲೂ ಅವಳ ಮೈ ಬಿಟ್ಟಿರಲಿಲ್ಲ. ಲಿಂಗ ಮೈಬಿಟ್ಟ ದಿನ ಬಾಯಿಗೆ ಅನ್ನವಿಲ್ಲ ಎಂಬುದನ್ನು ಅವಳಿಗೆ ಯಾರೂ ಪಾಠ ಮಾಡಿ ಕಲಿಸಿದ್ದಲ್ಲ. ಅಜ್ಜ ಸಂಜೆ ಹೊತ್ತು ಜಗುಲಿಯ ಕಂಬಕ್ಕೆ ಒರಗಿ ಷಟ್ಪದಿ ಹಾಡುತ್ತಿದ್ದ. ಕಾಲು ಮಡಚಿ ಕೂತು ಕೇಳುತ್ತಿದ್ದ ಹುಡುಗಿಯ ಕಿವಿಯೊಳಗೆ ಪದ್ಯದ ಜೊತೆಗೆ ಅದೂ ಇಳಿದಿತ್ತು. ಹಾಗೆ ಕೇಳಿ ಕೇಳಿಯೇ ಅವಳಿಗೆ ಓದು ಒಲಿದದ್ದು. ಈಗ ಪ್ರತಿ ಶ್ರಾವಣದಲ್ಲಿ ಬಸ್‌ಸ್ಟ್ಯಾಂಡ್ ಹಿಂದಿನ ಮಠದ ಹಜಾರದಲ್ಲಿ ಶರಣರ ಪುರಾಣ ಓದುವವಳು ಸರೋಜಮ್ಮ, ಅರ್ಥ ಹೇಳುವವರು ಮಠದ ಅಯ್ಯ ಮರುಳಯ್ಯನವರು.

ಮುಂದಿನ ತಿಂಗಳೂ ರಕ್ತ ಬಂತು. ಅದರ ಮುಂದಿನ ತಿಂಗಳೂ ಬಂತು. ಬರುವ ಮುಂಚೆ ಗಂಟು ಊದುತ್ತಿತ್ತು, ನೆಟ್ಟಗೆ ನಿಲ್ಲಲಾಗದೆ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಆಮೇಲೆ ರಕ್ತ ಇಳಿದು ಗಂಟು ಬಾಡುತ್ತಿತ್ತು.

ಹಾಲಮ್ಮನವರ ಕಣ್ಣಿಗೆ ಅದು ಬೀಳದೆ ಇರುವುದುಂಟೆ? ಮನೆಯ, ಪಕ್ಕದ ಮನೆಯ, ಎದುರು ಮನೆಯ ಹೆಂಗಸರು ಯಾವಾಗ ಹೊರಗಾಗುತ್ತಾರೆ ಎಂಬುದು ಅವರ ನಾಲಿಗೆಯ ತುದಿಯಲ್ಲಿತ್ತು. ಕೆಲವರಿಗೆ ಸಂಗೀತ, ಕೆಲವರಿಗೆ ಕಸೂತಿ, ಹಾಲಮ್ಮನವರಿಗೆ ಇದು. ತಮ್ಮದು ನಿಂತುಹೋದ ಮೇಲಂತೂ ಈ ವಿದ್ಯೆಯಲ್ಲಿ ಅವರು ಇನ್ನಷ್ಟು ಮುಂದುವರಿದಿದ್ದರು.

"ಇದು ಇಂಬಳ ಅಲ್ಲ ಕಣೋ ಲಿಂಗಪ್ಪ," ಎಂದರು, ಊಟಕ್ಕೆ ಕೂತ ತಮ್ಮನಿಗೆ. "ಇದು ಅದೇ."

"ಅದೇ ಅಂದ್ರೆ ಎಂಥದಕ್ಕ?"

"ಅದೇ ಅಂದ್ರೆ ಅದೇ. ಹೆಂಗಸರದ್ದು."

ಲಿಂಗಪ್ಪನವರು ಅಕ್ಕಿರೊಟ್ಟಿಯ ಮೇಲೆ ಇದ್ದಕ್ಕಿದ್ದಂತೆ ಬಹಳ ಆಸಕ್ತಿ ತಳೆದರು.

"ಗರ್ಭಕೋಶವೇ ಇಲ್ಲದವಳಿಗೆ ಮುಟ್ಟು ಎಲ್ಲಿಂದ ಬರುತ್ತೆ ಅತ್ತಿಗೆ?" ಸರೋಜಮ್ಮ ಅಡುಗೆಮನೆಯಿಂದಲೇ ಕೇಳಿದಳು. "ಮನೆ ಕೆಡವಿ ಹಾಕಿ ಎಂಟು ವರ್ಷ ಆಯ್ತು, ಈಗ ನೆಂಟರು ಬಂದು ಬಾಗಿಲು ತಟ್ತಾರಾ?"

"ಅದನ್ನೇ ನಾನು ಹೇಳೋದು. ದಾರಿ ಇಲ್ಲದಿದ್ರೂ ಬಂದಿದೆ ಅಂದ್ರೆ ಎಂಥ ಕೇಡಿರಬೇಕು! ಆಗ ಅದು ಕೆಳಗೆ ಹೋಗ್ತಿತ್ತು, ಭೂಮಿತಾಯಿಗೆ. ಈಗ ಏರಿ ಹೊಕ್ಕುಳಿಗೆ ಬಂದಿದೆ. ಲಿಂಗ ಹೊಕ್ಕುಳಿಂದ ಕೆಳಗೆ ಇಳೀಬಾರದು ಅಂತ ಹಿರಿಯರು ಯಾಕೆ ಮಾಡಿದಾರೆ? ಅಲ್ಲಿಂದ ಮೇಲೆ ಶಿವನ ಸೀಮೆ. ಹೊಕ್ಕುಳು ಗಡಿ ಕಣೆ, ಗಡಿ. ಲಿಂಗದ ಪಕ್ಕದಲ್ಲೇ ಮುಟ್ಟಿನ ರಕ್ತ ಇಟ್ಕೊಂಡು ಪುರಾಣ ಓದ್ತೀಯಾ ನೀನು?"

ಹಾಲಮ್ಮನವರ ಜೀವಮಾನದಲ್ಲಿ ತರ್ಕಕ್ಕೆ ಇಷ್ಟು ಹತ್ತಿರ ಬಂದ ಮಾತು ಇನ್ನೊಂದಿರಲಿಲ್ಲ. ಅದಕ್ಕೇ ಅದು ಬೀದಿಯಲ್ಲಿ ಬೇಗ ಹರಡಿತು. ಎದುರು ಮನೆಯ ಹೆಂಗಸು ಸಕ್ಕರೆ ಸಾಲ ಕೇಳುವ ನೆಪದಲ್ಲಿ ಬಂದು ಸರೋಜಮ್ಮನ ಹೊಟ್ಟೆಯ ಕಡೆ ನೋಡಿ ಹೋದಳು. ಅವಳ ಕೈಲಿದ್ದ ಲೋಟದ ತಳದಲ್ಲಿ ಅವಳ ಮನೆಯದೇ ಸಕ್ಕರೆ ಅಂಟಿಕೊಂಡಿತ್ತು.

ಆ ವಾರವೇ ಮರುಳಯ್ಯನವರನ್ನು ಮನೆಗೆ ಕರೆಸಿದರು. ಅವರು ಬಂದು, ಪಾದ ತೊಳೆಸಿಕೊಂಡು, ಉಂಡು, ಎಲೆಯಡಿಕೆ ಹಾಕಿಕೊಂಡ ಮೇಲೆ ಸಂಗತಿ ಕೇಳಿದರು. ಊಟಕ್ಕೆ ಮುಂಚೆ ಸಂಗತಿ ಕೇಳುವ ಅಭ್ಯಾಸ ಅವರಿಗಿರಲಿಲ್ಲ.

"ಲಿಂಗ ಕಟ್ಟಿದವರಿಗೆ ಸೂತಕ ಇಲ್ಲ ತಾಯಿ," ಎಂದರು. "ಹುಟ್ಟಿನದು, ಸಾವಿನದು, ಮುಟ್ಟಿನದು, ಎಂಜಲಿನದು, ಜಾತಿಯದು, ಐದೂ ಇಲ್ಲ. ಶಾಸ್ತ್ರ ಕೇಳಿದ್ರೆ ಇಲ್ಲ."

"ರೂಢಿ ಕೇಳಿದ್ರೆ?" ಎಂದರು ಹಾಲಮ್ಮ.

"ರೂಢಿ ಕೇಳಿದ್ರೆ..." ಅಯ್ಯನವರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದರು. "ಇದೆ."

"ಅಂದ್ರೆ ಎಂಥ ಮಾಡೋದು ಅಯ್ನೋರೇ?" ಎಂದರು ಲಿಂಗಪ್ಪ.

"ಅದು ಮುಟ್ಟೇ ಆದ್ರೆ ಆ ಲಿಂಗ ಕೆಟ್ಟಂತೆ. ಹೇಮಾವತಿಗೆ ಬಿಟ್ಟು ಹೊಸದು ಕಟ್ಟೋಣ. ಅದಕ್ಕೇನಂತೆ? ಹೋದ ತಿಂಗಳು ಗೋಣಿಬೀಡಲ್ಲಿ ಒಬ್ಬರಿಗೆ ಕಟ್ಟಿಕೊಟ್ಟೆ. ಬರೀ ಕುರುವೋ ಗಾಯವೋ ಆಗಿದ್ರೆ ದೋಷ ಇಲ್ಲ, ಒರೆಸಿಕೊಂಡ್ರೆ ಆಯ್ತು."

ಹೇಮಾವತಿಗೆ ಬಿಡುವುದು. ಹಳೆ ಕ್ಯಾಲೆಂಡರಿನ ದೇವರಪಟ ಬಿಡುವ ಹಾಗೆ. ಸರೋಜಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಈ ಮೂವರನ್ನು ನೋಡಿದಳು. ಐದೂ ಸೂತಕವಿಲ್ಲ ಎಂದು ಬೆರಳು ಮಡಚಿ ಹೇಳಿದ ಬಾಯಿಯೇ ಅದೇ ಉಸಿರಲ್ಲಿ ಇದೆ ಎಂದದ್ದನ್ನು ಅವಳಲ್ಲದೆ ಇನ್ನಾರೂ ಕೇಳಿಸಿಕೊಂಡಂತಿರಲಿಲ್ಲ. ಇವರ ಜೊತೆ ವಾದ ಮಾಡುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೋಣಕ್ಕಾದರೂ ತಲೆಯಾಡಿಸುವ ಸೌಜನ್ಯವಿದೆ.

"ಸರಿ," ಎಂದಳು. "ಇದು ಏನು ಅಂತ ನೀವೂ ಹೇಳ್ಬೇಡಿ, ನಾನೂ ಹೇಳಲ್ಲ. ಡಾಕ್ಟರಿಗೆ ತೋರಿಸಿ ಬರ್ತೀನಿ. ಅವರು ಏನು ಹೇಳ್ತಾರೋ ಅದನ್ನ ಪುರಾಣ ಶುರುವಾಗೋ ದಿನ ಎಲ್ಲರ ಎದುರಿಗೆ ನಾನೇ ಹೇಳ್ತೀನಿ. ಒಂದಕ್ಷರ ಮುಚ್ಚಿಡಲ್ಲ. ಅಲ್ಲಿವರೆಗೆ ನನ್ನ ಲಿಂಗದ ಸುದ್ದಿ ಯಾರೂ ಎತ್ತಬಾರದು."

ಅಷ್ಟು ಧೈರ್ಯವಾಗಿ ಹೇಳಲು ಕಾರಣವಿತ್ತು. ಗರ್ಭಕೋಶವೇ ಇಲ್ಲ. ಯಾವ ಡಾಕ್ಟರು ತಾನೆ ಅದನ್ನು ಮುಟ್ಟು ಎಂದಾನು? ಅವಳು ತನ್ನ ಗೆಲುವನ್ನು ಗಂಟಿನಲ್ಲಿ ಕಟ್ಟಿಟ್ಟುಕೊಂಡೇ ಮಾತು ಕೊಟ್ಟಿದ್ದಳು.

ಮೊದಲು ಹೋದದ್ದು ಚಿಕ್ಕಮಗಳೂರಿಗೆ, ಗರ್ಭಕೋಶ ತೆಗೆದ ದೊಡ್ಡ ಡಾಕ್ಟರ ನರ್ಸಿಂಗ್ ಹೋಮಿಗೆ. ಹರೆಯದಿಂದಲೂ ತಿಂಗಳು ತಿಂಗಳು ಸೊಂಟ ಮುರಿದು ಬೀಳುವಂಥ ನೋವು ಎಂದು ಅಲ್ಲಿಗೆ ಹೋದಾಗಲೆಲ್ಲ, "ಹೆಂಗಸರು ಅಂದಮೇಲೆ ಇದೆಲ್ಲ ಇರೋದೇ" ಎಂದು ನಗುತ್ತಿದ್ದವರು ಅವರು. ಕೊನೆಗೊಂದು ದಿನ ನಗುವುದು ಬಿಟ್ಟು, ಗರ್ಭಕೋಶವನ್ನೂ ಎರಡು ಅಂಡಾಶಯಗಳನ್ನೂ ತೆಗೆದುಹಾಕಿ, "ಇನ್ನು ನಿಮಗೆ ಯಾವ ತೊಂದರೆಯೂ ಇಲ್ಲ" ಎಂದು ಅಪ್ಪಣೆ ಕೊಡಿಸಿದ್ದರು. ಮೈ ಉರಿ, ಬೆವರು, ನಿದ್ದೆಗೇಡು ಶುರುವಾದಾಗ ಮಾತ್ರೆ ಬರೆದುಕೊಟ್ಟರು. ಮೂರು ವಾರ ನುಂಗುವುದು, ಒಂದು ವಾರ ಬಿಡುವುದು, ಮತ್ತೆ ಮೂರು ವಾರ. ಅವಳು ಇಷ್ಟು ವರ್ಷ ಅದನ್ನು ಲಿಂಗಪೂಜೆಯಷ್ಟೇ ತಪ್ಪದೆ ನಡೆಸಿಕೊಂಡು ಬಂದಿದ್ದಳು.

ಡಾಕ್ಟರು ಹೊಕ್ಕುಳನ್ನು ಕುರ್ಚಿಯಿಂದೇಳದೆ ನೋಡಿದರು.

"ಸ್ನಾನ ಮಾಡುವಾಗ ಹೊಕ್ಕುಳು ಶುಚಿ ಮಾಡ್ಕೊಳ್ಳಲ್ವಾ ನೀವು? ಈ ವಯಸ್ಸಲ್ಲಿ ಇದನ್ನೆಲ್ಲ ನಾನು ಹೇಳಿಕೊಡ್ಬೇಕಾ? ಪೌಡರ್ ಕೊಡ್ತೀನಿ, ಹಾಕಿ."

"ತಿಂಗಳು ತಿಂಗಳು ಸರಿಯಾಗಿ ಬರುತ್ತಲ್ಲ ಡಾಕ್ಟ್ರೇ?"

"ನಿಮಗೆ ಹಾಗನಿಸುತ್ತೆ. ಮನಸ್ಸಿಗೆ ತಗೊಂಡ್ರೆ ಎಲ್ಲ ತಿಂಗಳು ತಿಂಗಳೇ. ಆ ಮಾತ್ರೆ ಮಾತ್ರ ಬಿಡ್ಬೇಡಿ, ಮೂಳೆಗೆ ಒಳ್ಳೇದು."

ಸರೋಜಮ್ಮ ಪೌಡರಿನ ಡಬ್ಬಿಯನ್ನು ಬಸ್‌ಸ್ಟ್ಯಾಂಡಿನ ಕಸದ ತೊಟ್ಟಿಗೆ ಹಾಕಿ ಮೂಡಿಗೆರೆ ಬಸ್ಸು ಹತ್ತಿದಳು. ಹಾಲಮ್ಮನವರಿಗಾದರೂ ರಕ್ತ ತಿಂಗಳಿಗೊಮ್ಮೆ ಬರುತ್ತದೆ ಎಂಬುದು ಕಂಡಿತ್ತು. ಗೋಡೆ ತುಂಬ ಪದವಿಪತ್ರ ತೂಗುಹಾಕಿಕೊಂಡ ಈ ಮನುಷ್ಯನಿಗೆ ಅಷ್ಟೂ ಕಾಣಲಿಲ್ಲ.

ಆಷಾಢದಲ್ಲಿ ನೋವು ಕೂರಲೂ ಬಿಡದಂತಾದಾಗ ಮಗ ವೀರೇಂದ್ರ ಅವಳನ್ನು ಜೀಪಿನಲ್ಲಿ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಕರೆದುಕೊಂಡು ಹೋದ. ಅಪ್ಪನ ಅಂಗಡಿ ನೋಡಿಕೊಳ್ಳುವ ವೀರೇಂದ್ರ ಒಳ್ಳೆಯ ಹುಡುಗ, ಆದರೆ ಗಂಡುಹುಡುಗ. ಅಮ್ಮನಿಗೆ ಏನು ತೊಂದರೆ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದಾಗ, "ಅದು... ಹೊಟ್ಟೆ ಕಡೆ... ಮಧ್ಯದಲ್ಲಿ," ಎಂದ. ಯಾರೋ ಅವನನ್ನು ತೋಟದ ಗಡಿ ತೋರಿಸಲು ಕೇಳಿದ್ದರು ಎನ್ನುವ ಹಾಗೆ ಗಾಳಿಯಲ್ಲಿ ಕೈಯಾಡಿಸಿದ.

ಅಲ್ಲಿನ ಶಶಿಧರ್ ಎಂಬ ಡಾಕ್ಟರು ವೀರೇಂದ್ರನ ವಯಸ್ಸಿನವರು. ಗಂಟನ್ನು ನೋಡಿ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತು, "ಮೊದಲು ಮುಟ್ಟಾಗ್ತಿದ್ದಾಗ ಹೇಗಿತ್ತಮ್ಮ? ಶುರುವಿನಿಂದ ಹೇಳಿ," ಎಂದರು.

ಅವಳನ್ನು ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅವಳು ಒಂದೊಂದಾಗಿ ಹೇಳಿದಳು. ಮದುವೆಯ ಹೊಸತರಲ್ಲಿ ಹಿತ್ತಿಲ ಕೋಣೆಯಲ್ಲಿ ಚಾಪೆಯ ಮೇಲೆ ಹೊಟ್ಟೆ ಅದುಮಿಕೊಂಡು ಮಲಗಿದ್ದು, ಅತ್ತೆ ಅದನ್ನು ಸೋಮಾರಿತನ ಎಂದಿದ್ದು, ವೀರೇಂದ್ರನ ನಂತರ ಬಸಿರೇ ನಿಲ್ಲದಿದ್ದುದು, ಗಂಡ "ಹೋಗ್ಲಿ ಬಿಡು ಮಾರಾಯ್ತಿ" ಎಂದು ಮಗ್ಗುಲು ತಿರುಗಿದ್ದು. ಹೊರಗೆ ಜನ ಕಾಯುತ್ತಿದ್ದರು. ಡಾಕ್ಟರು ಪುರಾಣ ಕೇಳುವವರ ಹಾಗೆ ನಡುನಡುವೆ ಹೂಂ ಎನ್ನುತ್ತಿದ್ದರು. ವೀರೇಂದ್ರ ಕಿಟಕಿಯಾಚೆ ತೆಂಗಿನಮರ ನೋಡುತ್ತಿದ್ದ.

ಗಂಟನ್ನು ಕೊಯ್ದು ತೆಗೆದು ಪರೀಕ್ಷೆಗೆ ಕಳಿಸಿದರು. ಹೊಲಿಗೆ ಬಿಚ್ಚುವ ದಿನ ಫಲಿತಾಂಶ ಬಂದಿತ್ತು.

"ಕ್ಯಾನ್ಸರ್ ಅಲ್ಲ, ಅದೊಂದು ಸಮಾಧಾನ," ಎಂದರು ಡಾಕ್ಟರು. "ಇದಕ್ಕೆ ಎಂಡೊಮೆಟ್ರಿಯೋಸಿಸ್ ಅಂತಾರೆ. ಗರ್ಭಕೋಶದ ಒಳಗೋಡೆಗೆ ಒಂದು ಪದರ ಇರುತ್ತೆ, ತಿಂಗಳು ತಿಂಗಳು ಕಳಚಿ ಬೀಳೋದು ಅದೇ. ಕೆಲವರಲ್ಲಿ ಅದೇ ಥರದ್ದು ಗರ್ಭಕೋಶದ ಹೊರಗೂ ಬೆಳೆಯುತ್ತೆ. ಅಂಡಾಶಯದ ಮೇಲೆ, ಕರುಳಿನ ಮೇಲೆ, ಅಪರೂಪಕ್ಕೆ ಹೊಕ್ಕುಳಲ್ಲಿ. ನೀವು ಅಷ್ಟು ವರ್ಷ ಪಟ್ಟ ನೋವೂ ಇದೇ ಇರಬೇಕು. ಗರ್ಭಕೋಶ ತೆಗೆದ್ರು, ಹೊರಗಿದ್ದದ್ದು ಉಳೀತು."

"ಮತ್ತೆ ಇಷ್ಟು ವರ್ಷ ಎಲ್ಲಿ ಮಲಗಿತ್ತು?"

"ಮುಟ್ಟು ನಿಂತ ಮೇಲೆ ಅದು ತಾನಾಗೇ ಬಾಡಬೇಕು. ನಿಮ್ಮದನ್ನ ಬಾಡೋಕೆ ಬಿಡ್ಲಿಲ್ಲ. ಆ ಹಾರ್ಮೋನ್ ಮಾತ್ರೆ ಇದೆಯಲ್ಲ, ಅದು ಇದಕ್ಕೆ ಗೊಬ್ಬರ ಹಾಕಿದ ಹಾಗೆ. ಮೂರು ವಾರ ಗೊಬ್ಬರ, ಬಿಟ್ಟ ವಾರ ರಕ್ತ. ಮಾತ್ರೆ ಇವತ್ತಿಂದಲೇ ನಿಲ್ಲಿಸಿ. ಒಳಗೆ ಇನ್ನೂ ಇದ್ರೂ ಇರಬಹುದು, ಆರು ತಿಂಗಳಿಗೊಮ್ಮೆ ಬಂದು ತೋರಿಸ್ತಾ ಇರಿ."

ಸರೋಜಮ್ಮ ಸೆರಗು ಹೊದ್ದುಕೊಂಡು ನೆಟ್ಟಗೆ ಕೂತಳು. "ಒಂದು ಮಾತು ನೇರ ಹೇಳಿ ಡಾಕ್ಟ್ರೇ. ಹಾಗಾದ್ರೆ ಇದು ಮುಟ್ಟೇನಾ?"

ಡಾಕ್ಟರು ಫಲಿತಾಂಶದ ಹಾಳೆ ಮಡಚಿದರು. "ಒಂದು ರೀತೀಲಿ ಹೌದಮ್ಮ. ಅದೇ ಥರದ ಪದರ, ಅದೇ ಥರದ ರಕ್ತ. ಜಾಗ ಬೇರೆ, ಅಷ್ಟೆ. ಯಾಕೆ?"

"ನಮ್ಮ ಅತ್ತಿಗೆ ಅದನ್ನೇ ಹೇಳಿದ್ರು."

"ಹೌದಾ? ಅವರೂ ಡಾಕ್ಟರಾ?"

ವೀರೇಂದ್ರ ಕೆಮ್ಮಿದ. ಸರೋಜಮ್ಮ ನಗಲು ಹೋಗಿ ಹೊಕ್ಕುಳು ಹಿಡಿದುಕೊಂಡಳು.

ಆ ನಗು ಬಂಟ್ವಾಳ ದಾಟುವ ಹೊತ್ತಿಗೆ ಆರಿಹೋಯಿತು. ಮೂರ್ಖರು ತಪ್ಪು ಹೇಳಿದರೆ ಸಹಿಸಿಕೊಳ್ಳಬಹುದು, ಅದು ಅವರ ಕಸುಬು. ಮೂರ್ಖರ ಬಾಯಿಂದ ಸರಿಯಾದದ್ದು ಉದುರಿದರೆ ಅದನ್ನು ಸಹಿಸುವುದು ಹೇಗೆ? ಹಾಲಮ್ಮ ಕತ್ತಲಲ್ಲಿ ಎಸೆದ ಕಲ್ಲು ನೇರವಾಗಿ ಹೋಗಿ ಹಣ್ಣಿಗೇ ತಾಗಿತ್ತು. ಅದನ್ನು ಮಠದ ಹಜಾರದಲ್ಲಿ ಎದ್ದು ನಿಂತು ಹೇಳುತ್ತೇನೆಂದು ಮಾತು ಕೊಟ್ಟವಳು ತಾನೇ.

ಘಾಟಿ ಹತ್ತುವಾಗ ಮಂಜು ಕವಿದು ವೀರೇಂದ್ರ ಜೀಪಿನ ವೇಗ ಇಳಿಸಿದ. ರಸ್ತೆಯ ಮೇಲೇ ಕಣ್ಣಿಟ್ಟು ಹೇಳಿದ:

"ಅಮ್ಮ, ಕುರು ಅಂದ್ಬಿಡಿ."

"ಯಾವ ಕುರು?"

"ಹೊಕ್ಕುಳಲ್ಲಿ ಕುರು ಆಗಿತ್ತು, ಕೀವು ತುಂಬಿತ್ತು, ಕೊಯ್ದು ತೆಗೆದ್ರು. ಮುಗೀತಲ್ಲ? ಇನ್ನು ರಕ್ತಾನೂ ಬರಲ್ಲ. ಯಾರಿಗೆ ಗೊತ್ತಾಗುತ್ತೆ? ನಿಮ್ಮ ಲಿಂಗ ಉಳಿಯುತ್ತೆ, ಪುರಾಣ ಉಳಿಯುತ್ತೆ. ಅತ್ತೆ ಬಾಯಿ ಮುಚ್ಚುತ್ತೆ."

ಕೊಟ್ಟಿಗೆಹಾರದಲ್ಲಿ ಟೀ ಕುಡಿಯಲು ನಿಲ್ಲಿಸಿದರು. ಬಿಸಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಸರೋಜಮ್ಮ ಹುಡುಗನ ಮಾತನ್ನು ತೂಗಿ ನೋಡಿದಳು. ಸುಳ್ಳಲ್ಲ, ಆಸೆಯಾಯಿತು. ಎರಡಕ್ಷರ ಸಾಕು, ಕುರು. ಎದೆಯ ಮೇಲಿನ ಕರಡಿಗೆ ಹಾಗೇ ಇರುತ್ತದೆ. ಅಜ್ಜನೂ ಮನೆಯಲ್ಲಿ ಜಗಳ ತಪ್ಪಿಸಲು ಒಂದೆರಡು ಸುಳ್ಳು ಹೇಳಿದ್ದನ್ನು ಅವಳು ಬಲ್ಲಳು.

ಆದರೆ ಆ ಎರಡಕ್ಷರವನ್ನು ನಾಲಿಗೆಯ ಮೇಲೆ ಇಟ್ಟುಕೊಂಡಷ್ಟೂ ಅದು ಕಹಿಯಾಯಿತು. ಕುರುವಾದರೆ ದೋಷವಿಲ್ಲ, ಮುಟ್ಟಾದರೆ ಹೊಳೆಗೆ ಬಿಡಬೇಕು. ಎಂಥ ಜನ ಇವರು! ಇವರ ಶಿವನಿಗೆ ಕೀವು ಸಲ್ಲುತ್ತದೆ, ತಾವೆಲ್ಲ ಹುಟ್ಟಿಬಂದ ರಕ್ತ ಸಲ್ಲುವುದಿಲ್ಲ. ಲಿಂಗ ಉಳಿಸಿಕೊಳ್ಳಲು ತನ್ನ ಮೈಯನ್ನೇ ಕೀವು ಎಂದು ಕರೆಯಬೇಕಂತೆ. ಹಾಗೆ ಉಳಿಸಿಕೊಂಡದ್ದನ್ನು ಅಂಗೈಯ ಮೇಲಿಟ್ಟು ದಿನಾ ಬೆಳಗ್ಗೆ ಹೇಗೆ ದಿಟ್ಟಿಸುವುದು?

"ಟೀ ಆರುತ್ತೆ ಅಮ್ಮ," ಎಂದ ವೀರೇಂದ್ರ.

"ಆರಲಿ."

ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಲಿಂಗಪ್ಪನವರು ಉತ್ತರ ತಯಾರು ಮಾಡಿಟ್ಟಿದ್ದರು. "ಕುರು ಅಂದ್ರಂತೆ ಅಲ್ವಾ?" ಎಂದರು, ಅಕ್ಕನಿಗೆ ಕೇಳುವ ಹಾಗೆ ಗಟ್ಟಿಯಾಗಿ.

"ಪುರಾಣದ ದಿನ ಹೇಳ್ತೀನಿ ಅಂದಿದ್ದೆನಲ್ಲ."

ಅಷ್ಟರಿಂದಲೇ ಅವರಿಗೆ ಅರ್ಥವಾಯಿತು. ಅಕ್ಕ ಮಲಗುವುದನ್ನೇ ಕಾದಿದ್ದು ಹೆಂಡತಿಯ ಮಂಚದ ಪಕ್ಕದಲ್ಲಿ ಬಂದು ನಿಂತರು. "ಸರೋಜ, ನಾನು ನಾಲ್ಕು ಜನರ ಮಧ್ಯ ವ್ಯಾಪಾರ ಮಾಡೋನು. ಹೆಂಡತಿ ಮುಟ್ಟಿನ ಸುದ್ದಿ ಸಭೆಯಲ್ಲಿ ಹೇಳಿದ್ಲು ಅಂದ್ರೆ ನಾಳೆ ಅಂಗಡೀಲಿ ಹೇಗೆ ಕೂರಲಿ, ಹೇಳು ಮಾರಾಯ್ತಿ."

"ಕುರ್ಚಿ ಮೇಲೆ ಕೂರಿ. ಇಷ್ಟು ವರ್ಷ ಕೂತ ಹಾಗೆ."

"ಆ ಲಿಂಗ ತೆಗೆಸ್ತಾರೆ ಕಣೆ."

"ನೋಡೋಣ."

ಶ್ರಾವಣದ ಮೊದಲ ಸೋಮವಾರ ಮಠದ ಹಜಾರ ತುಂಬಿತ್ತು. ಹಾಲಮ್ಮನವರ ಪ್ರಚಾರದ ಫಲವಾಗಿ, ಎಂದೂ ಪುರಾಣದ ಕಡೆ ತಲೆ ಹಾಕದವರೂ ಕೊಡೆ ಮಡಚಿಕೊಂಡು ಬಂದು ಭಕ್ತಿಯಿಂದ ಕೂತಿದ್ದರು. ದೀಪ ಹಚ್ಚಿ, ಮಂಗಳಾರತಿ ಮಾಡಿ, ವ್ಯಾಸಪೀಠದ ಮೇಲೆ ಪುಸ್ತಕ ಇಟ್ಟಿದ್ದರು. ದೀಪ ಹಚ್ಚಿದ ಮೇಲೆ ಓದು ಆಗದೆ ಏಳುವಂತಿಲ್ಲ, ಅದು ಆ ಮಠದ ಕಟ್ಟಳೆ.

ಸರೋಜಮ್ಮ ಎದ್ದು ನಿಂತಳು. ಪದ್ಯ ಓದುವ ಗಂಟಲಿನಲ್ಲೇ, ಏರಿಸದೆ ಇಳಿಸದೆ ಹೇಳಿದಳು:

"ಡಾಕ್ಟರು ಹೇಳಿದ್ದನ್ನ ಹೇಳ್ತೀನಿ ಅಂದಿದ್ದೆ. ಗರ್ಭಕೋಶದ ಒಳಗಿನ ಪದರದಂಥದ್ದೇ ನನ್ನ ಹೊಕ್ಕುಳಲ್ಲಿ ಬೆಳೆದಿತ್ತು. ಅದಕ್ಕೇ ತಿಂಗಳು ತಿಂಗಳು ರಕ್ತ ಬರ್ತಿತ್ತು. ಮುಟ್ಟು ನಿಂತವರಿಗೂ ಹೀಗಾಗೋದುಂಟಂತೆ. ಇಷ್ಟು ವರ್ಷ ನಾನು ನರಳಿದ್ದೂ ಇದರಿಂದಲೇ ಇರಬೇಕಂತೆ. ಕೊಯ್ದು ತೆಗೆದಿದಾರೆ. ಅದು ಮುಟ್ಟಾ ಅಂತ ಕೇಳಿದೆ. ಒಂದು ರೀತೀಲಿ ಹೌದು ಅಂದ್ರು."

ಲಿಂಗಪ್ಪನವರು ಕಂಬದ ಮರೆಗೆ ಸರಿದರು.

"ಹೇಳ್ಲಿಲ್ವಾ ನಾನು!" ಹಾಲಮ್ಮ ತೊಡೆ ತಟ್ಟಿದರು. "ಯಾವ ಕಾಲೇಜಿಗೂ ಹೋಗದೆ ಹೇಳ್ಲಿಲ್ವಾ?"

"ಹೇಳಿದ್ರಿ ಅತ್ತಿಗೆ. ಅದಕ್ಕೂ ಮುಂಚೆ ಇಂಬಳ ಅಂತಲೂ ಹೇಳಿದ್ರಿ."

ಹಿಂದುಗಡೆ ಯಾರೋ ಕಿಸಕ್ಕೆಂದರು. ಮರುಳಯ್ಯನವರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ತಾಯಿ, ಆಡಿದ ಮಾತಿದೆಯಲ್ಲ. ರೂಢಿಯ ಪ್ರಕಾರ ಆ ಲಿಂಗ ಬಿಡಬೇಕಾಗುತ್ತೆ. ಹೊಸದು ತಂದಿದೀನಿ."

"ಬನ್ನಿ ಅಯ್ಯನವರೇ. ಬಿಚ್ಚಿಕೊಳ್ಳಿ."

ಅವಳು ಸೆರಗು ಸರಿಸಿ ಕರಡಿಗೆ ಕಾಣುವಂತೆ ನಿಂತಳು. ಒಬ್ಬರ ಮೈಮೇಲಿನ ಲಿಂಗಕ್ಕೆ ಇನ್ನೊಬ್ಬರು ಕೈಹಾಕುವಂತಿಲ್ಲ ಎಂಬುದು ಹಸುಗೂಸಿಗೂ ಗೊತ್ತು. ಅಯ್ಯನವರು ಎದ್ದವರು ಅರ್ಧಕ್ಕೇ ನಿಂತರು.

"ನೀವೇ ತೆಗೆದು ಕೊಡಬೇಕಮ್ಮ."

"ನಾನು ಕೊಡಲ್ಲ. ಡಾಕ್ಟರ ಮಾತು ಹೇಳ್ತೀನಿ ಅಂದಿದ್ದೆ, ಹೇಳಿದೀನಿ. ಕೊಡ್ತೀನಿ ಅಂತ ಯಾವತ್ತೂ ಅಂದಿಲ್ಲ. ಲಿಂಗ ಕಟ್ಟಿದವರಿಗೆ ಮುಟ್ಟಿನ ಸೂತಕ ಇಲ್ಲ ಅಂತ ನಮ್ಮ ಮನೇಲಿ ಉಂಡು ಹೇಳಿದವರು ನೀವು. ಆಮೇಲೆ ಇದೆ ಅಂದವರೂ ನೀವು. ಎರಡರಲ್ಲಿ ಯಾವುದು ಶಿವನ ಮಾತು, ಯಾವುದು ಎಲೆಯಡಿಕೆ ಮಾತು, ಇಲ್ಲಿ ಎಲ್ಲರೆದುರು ಹೇಳಿಬಿಡಿ. ಅಥವಾ ಬಂದು ಬಿಚ್ಚಿಕೊಳ್ಳಿ. ಅತ್ತಿಗೆ, ನೀವಾದ್ರೂ ಬನ್ನಿ."

ಹಾಲಮ್ಮ ಕೂತಲ್ಲೇ ಹಿಂದಕ್ಕೆ ಜರುಗಿದರು.

ಎರಡೂ ಹೇಳಲಾಗದ ಅಯ್ಯನವರು ಮೂರನೆಯ ದಾರಿ ಹಿಡಿದರು. "ಇರ್ಲಿ, ಅದನ್ನ ಆಮೇಲೆ ನೋಡೋಣ. ಇವತ್ತಿನ ಓದು ನಾನೇ ಮಾಡ್ತೀನಿ," ಎಂದು ಪೀಠದ ಮುಂದೆ ಕೂತು ಪುಸ್ತಕ ತೆರೆದರು.

ಅಷ್ಟು ವರ್ಷ ಅರ್ಥ ಹೇಳಿದವರಿಗೆ ಪದ್ಯ ಬಿಡಿಸಿ ಓದಲು ಬರುವುದಿಲ್ಲವೆಂಬುದು ಅವತ್ತು ಸಭೆಗೆ ತಿಳಿಯಿತು. ಹಳಗಾಲದ ಅಚ್ಚಿನಲ್ಲಿ ಪದಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಅಯ್ಯನವರು ಮೊದಲ ಸಾಲಿನಲ್ಲಿ ಹೆಜ್ಜೆಯಿಟ್ಟು, ಎರಡನೆಯದರಲ್ಲಿ ಜಾರಿ, ಮೂರನೆಯದರಲ್ಲಿ ಮುಗ್ಗರಿಸಿ, ಶರಣನ ಹೆಸರನ್ನೇ ಎರಡು ತುಂಡು ಮಾಡಿ ಅರ್ಧವನ್ನು ಮುಂದಿನ ಸಾಲಿಗೆ ಸೇರಿಸಿದರು. ಕನ್ನಡಕ ಒರೆಸಿಕೊಂಡರು. ತಪ್ಪು ಕನ್ನಡಕದ್ದಾಗಿರಲಿಲ್ಲ.

ದೀಪ ಉರಿಯುತ್ತಿತ್ತು, ಯಾರೂ ಏಳುವಂತಿರಲಿಲ್ಲ. ಹೊಸ ಭಕ್ತರು ಆಕಳಿಸಿದರು. ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮುದುಕಿಯೊಬ್ಬಳು ಗೊಣಗಿದಳು, "ಸರೋಜಮ್ಮನೇ ಓದ್ಲಿ ಬಿಡಿ ಅಯ್ನೋರೇ. ಸೊಂಟ ನೋಯ್ತದೆ." ಶಾಸ್ತ್ರವನ್ನೂ ರೂಢಿಯನ್ನೂ ಗೆದ್ದದ್ದು ಆ ಮುದುಕಿಯ ಸೊಂಟ. ಅಯ್ಯನವರು ಪುಸ್ತಕ ಬಿಟ್ಟು ಪಕ್ಕಕ್ಕೆ ಸರಿದರು.

ಸರೋಜಮ್ಮ ಪೀಠದ ಮುಂದೆ ಕೂತಳು. ಪುಸ್ತಕ ಮುಟ್ಟಲಿಲ್ಲ. ಮನೆಯಲ್ಲಿ ಮಾಡಿ ಬರುತ್ತಿದ್ದ ಪೂಜೆಯನ್ನು ಅವತ್ತು ಬೇಕೆಂದೇ ಉಳಿಸಿಕೊಂಡು ಬಂದಿದ್ದಳು. ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯ ಮೇಲಿಟ್ಟು, ನೀರೆರೆದು, ವಿಭೂತಿ ಧರಿಸಿ, ಬಿಲ್ವದ ಎಸಳಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. ಒಂದು ಗಳಿಗೆ ಅವಳಿಗೆ ಸಭೆಯಿರಲಿಲ್ಲ, ಗಾಯದ ಎಳೆತವೂ ಇರಲಿಲ್ಲ.

ಲಿಂಗದಿಂದ ಕಣ್ಣು ಕಿತ್ತು ನೋಡಿದಾಗ ಹಜಾರದ ಕೈಗಳೆಲ್ಲ ಮುಗಿದಿದ್ದವು. ಅಂಗೈಯಲ್ಲಿ ಲಿಂಗ ಕಂಡರೆ ಮುಗಿಯಬೇಕು ಎಂಬುದು ಆ ಕೈಗಳಿಗೆ ಗೊತ್ತಿತ್ತು, ಅದು ಕೆಟ್ಟ ಲಿಂಗ ಎಂಬುದು ಅವುಗಳ ಮೇಲಿದ್ದ ತಲೆಗಳಿಗಷ್ಟೇ ಗೊತ್ತಿತ್ತು. ಅಯ್ಯನವರ ಕೈ ಮುಗಿದಿತ್ತು. ಕಂಬದ ಮರೆಯಿಂದ ಲಿಂಗಪ್ಪನವರ ಕೈ ಮಾತ್ರ ಕಾಣುತ್ತಿತ್ತು, ಅದೂ ಮುಗಿದಿತ್ತು. ಹಾಲಮ್ಮನವರು ಎಲ್ಲರಿಗಿಂತ ಮೊದಲೇ ಮುಗಿದುಬಿಟ್ಟು, ಈಗ ಅದನ್ನು ಬಿಡಿಸಿಕೊಳ್ಳುವುದು ಹೇಗೆಂದು ತೋಚದೆ ಕೂತಿದ್ದರು.

ಸರೋಜಮ್ಮ ಅವರನ್ನು ಆ ಭಂಗಿಯಲ್ಲೇ ಸ್ವಲ್ಪ ಹೊತ್ತು ಬಿಟ್ಟಳು. ಅವಸರವೇನೂ ಇರಲಿಲ್ಲ. ಆಮೇಲೆ ಲಿಂಗವನ್ನು ಕರಡಿಗೆಗೆ ಇಳಿಸಿ, ದಾರ ಸರಿಮಾಡಿಕೊಂಡು, ಅಯ್ಯನವರು ತುಂಡು ಮಾಡಿಟ್ಟಿದ್ದ ಶರಣನ ಹೆಸರನ್ನು ಕೂಡಿಸಿ ಓದು ಎತ್ತಿಕೊಂಡಳು.